ಹನ್ನೊಂದು ನಿಮಿಷದ ಬಾಗಿಲು

ಕಾಗದದ ಬಲಗಡೆಯ ಕೊನೆಯ ಕಾಲಂ ಇರಲಿಲ್ಲ.

ಮೊದಲ ಸಲ ಓದಿದಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ, ಮೂರನೆಯ ಸಲ ಬಿತ್ತು. ಗಂಟೆ ನಿಮಿಷ ಇತ್ತು. ಯಾರ ಹೆಸರಿನಲ್ಲಿ ಒಳಬಂದರು ಎಂಬುದಿತ್ತು. ಏನು ಆಜ್ಞೆ ಕೊಟ್ಟರು ಎಂಬುದೂ ಇತ್ತು. ಎಲ್ಲಿಂದ ಬಂದರು ಎಂಬುದು ಮಾತ್ರ ಇಲ್ಲ. ಇಂಥ ದಾಖಲೆ ತೆಗೆದಾಗ ಬಂದವರ ಇಂಟರ್‌ನೆಟ್ ನಂಬರು ಕೊನೆಯಲ್ಲಿ ತಾನಾಗಿಯೇ ಬೀಳುತ್ತದೆ. ಬಿದ್ದಿಲ್ಲವೆಂದರೆ ಪ್ರಿಂಟ್ ಹಾಕುವ ಮುಂಚೆ ಯಾರೋ ಅಳಿಸಿದ್ದಾರೆ.

"ಸಾಹುಕಾರ್ರ, ಈ ಕಾಗದ ನಿಮಗ ಯಾರು ತಗದು ಕೊಟ್ರು?"

"ಸುಮೇರಾ," ಎಂದರು ಹೊಳಬಸಪ್ಪನವರು. "ಯಾಕ್ರಿ ಬಾಯಾರ?"

"ಏನಿಲ್ರಿ."

ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ? ಕಳ್ಳನನ್ನು ಹಿಡಿಯಲು ಅವರು ಕರೆಸಿದ್ದರೂ, ಎರಡು ದಿನದಿಂದ ನಾನು ಹುಡುಕುತ್ತಿದ್ದದ್ದು ಕಳ್ಳನನ್ನಲ್ಲ, ಆ ಹುಡುಗಿಯ ತಪ್ಪನ್ನು.

ಹೊಳಬಸಪ್ಪನವರ ಬೀಜದ ಕಂಪನಿಯಿಂದ ಹೊಸ ಬೆಂಡೆ ತಳಿಯ ಹೊಲದ ಸಾಲುಗಳ ನಕ್ಷೆ ಕಳುವಾದದ್ದು ಕಳೆದ ಶುಕ್ರವಾರ. ಮಾರನೆಯ ದಿನ ಹಂಸಭಾವಿಯ ಹೊಲದಲ್ಲಿ ಹೆಣ್ಣಾಳುಗಳು ಬುತ್ತಿ ಬಿಚ್ಚಿ ಕೂತ ಹೊತ್ತಿಗೆ ಯಾರೋ ಒಳನುಗ್ಗಿ, ನಲವತ್ತು ಸಾಲಿನಲ್ಲಿ ಬೇಕಾದ ಎರಡೇ ಸಾಲಿನ ಬೀಜದ ಕಾಯಿ ಮುರಿದುಕೊಂಡು ಹೋಗಿದ್ದರು. ತಳಿಯ ತಾಯಿ ಸಾಲು ಒಂದು, ತಂದೆ ಸಾಲು ಇನ್ನೊಂದು. ನಕ್ಷೆ ನೋಡದವರ ಕಣ್ಣಿಗೆ ಆ ನಲವತ್ತೂ ಬರೀ ಬೆಂಡೆ ಗಿಡ.

ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಿ, ಆರು ವರ್ಷ ಆ ತಳಿ ಎಬ್ಬಿಸಿದವಳು ಹಿರೇಕೆರೂರ ಕಚೇರಿಯ ಮಾಲಾ. ಬೆಳಿಗ್ಗೆ ಫೋನಿನಲ್ಲಿ ಅವಳು ಅಳಲಿಲ್ಲ. "ಬಾಯಾರ, ನನಗ ಸಮಾಧಾನ ಬ್ಯಾಡ್ರಿ. ಯಾರು ಮಾಡ್ಯಾರ ಅವರ ಮುಖ ತೋರಿಸ್ರಿ ಸಾಕು," ಎಂದಳು.

ತೋರಿಸುತ್ತೇನೆ ಎಂದು ನಾನೂ ಜಂಬದಿಂದ ಹೇಳಿದ್ದೆ.

ಈ ಕಂಪನಿಯಲ್ಲಿ ಯಾರ ಮೇಜಿನ ಮೇಲೂ ಕಂಪ್ಯೂಟರ್ ಇಲ್ಲ. ಒಂದು ಪರದೆ, ಒಂದು ಕೀಬೋರ್ಡ್, ಅಂಗೈ ಅಗಲದ ಒಂದು ಡಬ್ಬಿ. ಶಿಗ್ಗಾಂವ, ಸವಣೂರ, ಹಾನಗಲ್ಲ, ಹಿರೇಕೆರೂರ, ನಾಲ್ಕೂ ಕಚೇರಿಯವರು ದಿನಾ ನೋಡುವ ಡೆಸ್ಕ್‌ಟಾಪ್‌ಗಳು ನಿಜವಾಗಿ ಇರುವುದು ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಈ ಕಟ್ಟಡದ ಹಿಂದಿನ ಕೋಣೆಯಲ್ಲಿ. ಹೆಸರು, ಪಾಸ್‌ವರ್ಡ್ ಇದ್ದವರು ಇಂಟರ್‌ನೆಟ್ ಇದ್ದಲ್ಲಿಂದ ಒಳಬಂದು ಅಲ್ಲಿಯ ಕಡತವನ್ನು ಅಲ್ಲೇ ಓದಬಹುದು, ಅಲ್ಲೇ ತಿದ್ದಬಹುದು. ಹೊರಗಿನ ಯಂತ್ರಕ್ಕೆ ನಕಲು ಮಾಡಿಕೊಳ್ಳಲು ಬಾರದಂತೆ ಸೆಟ್ಟಿಂಗ್ ಮಾಡಿಟ್ಟಿದ್ದಾರೆ. ಆ ಸೆಟ್ಟಿಂಗ್ ಬದಲಿಸುವ ಅಧಿಕಾರ ಇರುವುದು ಒಬ್ಬಳಿಗೇ. ಅವಳೇ ಸುಮೇರಾ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಅವಳ ಹೆಸರಿನಲ್ಲಿ ಒಳಬಂದವರು ಒಂದು ಸ್ಕ್ರಿಪ್ಟ್ ಓಡಿಸಿ ನಕಲಿನ ಬಾಗಿಲು ತೆಗೆದಿದ್ದರು. ಒಂದು ಇಪ್ಪತ್ಮೂರಕ್ಕೆ ಬಾಗಿಲು ತಾನಾಗಿ ಮುಚ್ಚಿತ್ತು. ಆ ಹನ್ನೊಂದು ನಿಮಿಷದಲ್ಲಿ ಮಾಲಾಳ ಆರು ವರ್ಷ ಹೊರಗೆ ಹೋಗಿತ್ತು.

ಸ್ಕ್ರಿಪ್ಟ್ ಎಂದರೆ ದೊಡ್ಡ ಮಾತೇನಲ್ಲ. ಮೌಸ್ ಹಿಡಿದು ಒಂದೊಂದೇ ಗುಂಡಿ ಒತ್ತುವ ಬದಲು, ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು ಕಪ್ಪು ಪರದೆಯಲ್ಲಿ ಒಮ್ಮೆ ಓಡಿಸುವುದು. ಬರೆದದ್ದನ್ನೆಲ್ಲ ಯಂತ್ರ ತಪ್ಪದೆ ಮಾಡುತ್ತದೆ, ಯಾರು ಬರೆದರು ಎಂದು ಕೇಳುವುದಿಲ್ಲ.

ಆದರೆ ನನಗೆ ಗೊತ್ತಾಯಿತು. ಆ ಸ್ಕ್ರಿಪ್ಟಿನ ಮೊದಲ ಸಾಲು ಇದ್ದ ಸೆಟ್ಟಿಂಗನ್ನು 'ಹಳೇದು' ಎಂಬ ಕಡತದಲ್ಲಿ ತೆಗೆದಿಡುತ್ತಿತ್ತು. ಆಮೇಲೆ ಹೊಸದನ್ನು ಬರೆದು, ಹನ್ನೊಂದು ನಿಮಿಷ ಕಾದು, 'ಹಳೇದ'ನ್ನು ವಾಪಸು ಹಾಕುತ್ತಿತ್ತು. 'ಹಳೇದು ಬರದಿಟ್ಟು ಹೊಸಾದು ಮುಟ್ಟು' ಎಂಬುದು ನನ್ನ ಪಾಠ. ಸವಣೂರಿನಲ್ಲಿ ನನ್ನ ರಿಪೇರಿ ಅಂಗಡಿಯ ಮಹಡಿ ಮೇಲೆ ಹನ್ನೆರಡು ವರ್ಷದಿಂದ ಇದನ್ನೇ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ಕಡತಕ್ಕೆ ಆ ಹೆಸರು ಇಡುವವರು ಈ ಸೀಮೆಯಲ್ಲಿ ನನ್ನ ಕೈಯಲ್ಲಿ ಕಲಿತವರೇ.

ಈ ಕಂಪನಿಯಲ್ಲಿ ಅಂಥವರು ಇಬ್ಬರು. ಸುಮೇರಾ ಒಬ್ಬಳು, ಅವಳ ಕೈಕೆಳಗಿನ ಇನಾಯತ ಇನ್ನೊಬ್ಬ. ಇನಾಯತ ಶುಕ್ರವಾರ ಒಂದರಿಂದ ಎರಡರವರೆಗೆ ಜುಮ್ಮಾ ನಮಾಜಿನ ಸಾಲಿನಲ್ಲಿದ್ದ. ಆಚೀಚೆ ನಿಂತಿದ್ದ ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

ಉಳಿದವಳು ಒಬ್ಬಳೇ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸ್ಕ್ರಿಪ್ಟ್ ಹತ್ತು ಸಾಲು ಉದ್ದವಿತ್ತು. ಸುಮೇರಾ ಬರೆದ ಬೇರೆ ಸ್ಕ್ರಿಪ್ಟುಗಳನ್ನೂ ನಾನು ನೋಡಿದ್ದೆ. ನಾನು ಹತ್ತು ಸಾಲಿನಲ್ಲಿ ಮಾಡುವ ಕೆಲಸವನ್ನು ಅವಳು ಮೂರು ಸಾಲಿನಲ್ಲಿ ಮಾಡುತ್ತಾಳೆ. ಇಷ್ಟು ಚೆಂದ ಬರೆಯುವವಳು ಕಳ್ಳತನಕ್ಕೆ ಮಾತ್ರ ಹತ್ತು ಸಾಲು ಯಾಕೆ ಬರೆದಳು ಎಂಬ ಪ್ರಶ್ನೆ ಆಗಲೇ ಮೂಡಿತ್ತು. ನಾನು ಅದನ್ನು ಮುಂದೆ ಬೆಳೆಯಲು ಬಿಡಲಿಲ್ಲ.

ಎರಡು ವರ್ಷದ ಹಿಂದೆ ಇದೇ ಕಚೇರಿಯ ಹೊರಗಿನ ಬಾಕಿನ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತಿದ್ದೆವು. ಒಂದೇ ನೌಕರಿಗೆ ಗುರುವೂ ಬಂದಿದ್ದಳು, ಶಿಷ್ಯೆಯೂ ಬಂದಿದ್ದಳು. ನನಗೆ ನಲವತ್ತೆರಡು, ಅವಳಿಗೆ ಇಪ್ಪತ್ನಾಲ್ಕು. ಒಳಗೆ ಹೋಗಿ ಬಂದ ಮೇಲೆ ಹೊಳಬಸಪ್ಪನವರು ನನಗೆ ಚಹಾ ಕುಡಿಸಿದರು, ಅವಳಿಗೆ ನೌಕರಿ ಕೊಟ್ಟರು.

ಅಂದಿನಿಂದ ನನ್ನ ಗಂಡ ಅಸದನ ಬಾಯಲ್ಲೂ ಅವಳದೇ ಜಪ. ಅವನು ಕೆಳಗೆ ಅಂಗಡಿ ನೋಡಿಕೊಳ್ಳುತ್ತಾನೆ, ನನ್ನ ಪಾಠದ ಹಾಳೆಗಳನ್ನು ಝೆರಾಕ್ಸ್ ಮಾಡಿ ಹಂಚುತ್ತಾನೆ. ರೊಟ್ಟಿ ಮುರಿಯುತ್ತಾ, "ಸುಮೇರಾನ್ನ ನೋಡು, ಎಷ್ಟು ಮುಂದ ಹ್ವಾದ್ಲು," ಎನ್ನುತ್ತಾನೆ. ಆ ಮಾತಿಗೆ ನಾನು ತಟ್ಟೆ ಸರಿಸಿ ಏಳುತ್ತೇನೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ನಮ್ಮ ಅತ್ತೆ ಇಮಾಮಬಿ ಹೇಳುತ್ತಿದ್ದಳು. ಅವಳ ಹಲವು ಮಾತು ಸುಳ್ಳಾಗಿವೆ, ಇದು ಆಗಲಿಲ್ಲ.

"ಬಾಯಾರ," ಎಂದು ಹೊಳಬಸಪ್ಪನವರು ಗಡಿಯಾರ ನೋಡಿದರು. "ಪೊಲೀಸರು ಐದಕ್ಕ ಬರ್ತಾರ. ನೀವು ಯಾರ ಹೆಸರು ಹೇಳ್ತೀರಿ ಅದನ್ನ ನಾ ಬರದು ಕೊಡೂದು. ನನಗ ಈ ಕಪ್ಪು ಪರದಿ ತಿಳಿಯೂದಿಲ್ಲ, ನಿಮ್ಮ ಮಾತು ತಿಳಿತೈತಿ."

"ಅರ್ಧಾ ತಾಸು ಕೊಡ್ರಿ ಸಾಹುಕಾರ್ರ."

ಗಂಟೆ ನಾಲ್ಕೂವರೆ ಆಗಿತ್ತು.

ಹಿಂದಿನ ಕೋಣೆಯಲ್ಲಿ ಏಸಿ ಗುಂಯ್‌ಗುಡುತ್ತಿತ್ತು. ಸುಮೇರಾ ಓಢಣಿಯನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಈಗಲೂ ಎದ್ದು ನಿಲ್ಲುತ್ತಾಳೆ, ಅದೂ ನನಗೆ ಸೇರುವುದಿಲ್ಲ.

"ಕುಂಡ್ರಿ ಮೇಡಂ. ಇನಾಯತ, ಚಾ ತರಸು ಹೋಗು."

ಇನಾಯತ ಹೋದ. ನಾನು ಬಾಗಿಲು ಹಾಕಿದೆ. ನಮ್ಮಿಬ್ಬರ ಮನೆಮಾತೂ ಉರ್ದು. ಆದರೆ ಅವಳಿಗೆ ಕಲಿಸಿದ್ದೆಲ್ಲ ಕನ್ನಡದಲ್ಲಿ, ಹಾಗಾಗಿ ನಮ್ಮ ಲೆಕ್ಕದಲ್ಲಿ ಪಾಠವೂ ಜಗಳವೂ ಕನ್ನಡದಲ್ಲೇ ಆಗಬೇಕು.

"ಕಡೀ ಕಾಲಂ ಎಲ್ಲೈತಿ?"

"ಯಾವ ಕಾಲಂ ರೀ?"

"ಸುಮೇರಾ, ನಿನಗ ಅಕ್ಷರ ಒತ್ತಾಕ ಕಲಿಸಿದಾಕಿ ನಾ. ನನ್ನ ಮುಂದ ಆಟ ಬ್ಯಾಡ."

ಅವಳು ತನ್ನ ಉಗುರು ನೋಡಿಕೊಂಡಳು.

"ನಾನ ತಗದೇನ್ರಿ," ಎಂದಳು.

ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿರಲಿಲ್ಲ. ಹಿಡಿಯಲು ಬಲೆ ಹೊತ್ತು ಬಂದವಳಿಗೆ ಮೀನು ತಾನಾಗಿಯೇ ದಡಕ್ಕೆ ಹಾರಿದ ಹಾಗಾಯಿತು.

"ಯಾಕ ತಗದಿ?"

"ಅದನ್ನ ಕೇಳಬ್ಯಾಡ್ರಿ ಮೇಡಂ."

"ಶುಕ್ರವಾರ ಒಂದು ಗಂಟೇಕ ಎಲ್ಲಿದ್ದಿ?"

"ಇಲ್ಲೇ ಇದ್ನಿ. ಇದ ಕುರ್ಚಿ ಮ್ಯಾಲ."

"ಜೋಡಿ ಯಾರಿದ್ರು?"

"ಯಾರೂ ಇಲ್ರಿ. ಇನಾಯತ ನಮಾಜಕ್ಕ ಹೋಗಿದ್ದಾ. ಉಳದವರು ಊಟಕ್ಕ ಹೋಗಿದ್ರು."

"ಹಂಗಾರ ಒಬ್ಬಾಕೀನ ಇದ್ದಿ. ನಿನ್ನ ಹೆಸರಿನ್ಯಾಗ ಬಾಗಿಲಾ ತಗದೈತಿ. ನೀ ಕಲ್ತಂಗ 'ಹಳೇದು' ಅಂತ ಕಡತ ಮಾಡಿಟ್ಟೈತಿ. ಎಲ್ಲಿಂದ ಬಂದ್ರು ಅನ್ನೂದನ್ನ ನೀನ ಅಳಿಸೀದಿ. ಇನ್ನೇನು ಉಳೀತು? ಐದಕ್ಕ ಪೊಲೀಸರು ಬರಾಕತ್ತಾರ. ಒಮ್ಮೆ ನಿನ್ನ ಹೆಸರು ಠಾಣೇದಾಗ ಬರಸಿದ್ರ, ಈ ಜಿಲ್ಲಾದಾಗ ಯಾರೂ ನಿನ್ನ ಕೈಯಾಗ ಒಂದು ಪಾಸ್‌ವರ್ಡ್ ಕೊಡೂದಿಲ್ಲ. ತಿಳೀತ?"

"ತಿಳದೈತ್ರಿ. ಮೂರು ದಿನದಿಂದ ಅದನ್ನ ವಿಚಾರ ಮಾಡಾಕತ್ತೇನಿ."

"ಹಂಗಾರ ಬಾಯಿ ಬಿಡು."

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಆ ಹತ್ತು ಸಾಲಿನ ಸ್ಕ್ರಿಪ್ಟ್ ಅಲ್ಲಿತ್ತು.

"ಇದನ್ನ ನೀವು ಓದೀರಲ್ರಿ?"

"ಓದೇನಿ."

"ಇದು ನಾ ಬರದಿದ್ದು ಅನಸ್ತೈತೇನ್ರಿ ನಿಮಗ?"

ನಾನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ.

"ನಾ ಈಗ ಹಿಂಗ ಬರಿಯೂದಿಲ್ರಿ," ಎಂದಳು ಸುಮೇರಾ. ಗರ್ವದಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಮೊದಲನೇ ವರ್ಷ ಬರೀತಿದ್ನಿ. ಇದು ನಿಮ್ಮ ಮಹಡಿ ಮ್ಯಾಲಿನ ಏಳನೇ ಪಾಠದ ಹಾಳಿ. ಡೆಸ್ಕ್‌ಟಾಪ್ ಗುಂಪಿನ ಹೆಸರಷ್ಟ ಬದಲಿ ಮಾಡ್ಯಾರ. ಉಳದದ್ದು ನಿಮ್ಮ ಝೆರಾಕ್ಸಿನ್ಯಾಗ ಇದ್ದಂಗ ಐತಿ."

ಕಳ್ಳನ ಕೈಬರಹ ನನ್ನದು ಎಂದಳಲ್ಲ ಎಂಬ ಸಿಟ್ಟಿಗಿಂತ, ನನ್ನ ಏಳನೇ ಪಾಠ ಅವಳಿಗೆ ಮೊದಲನೇ ವರ್ಷದ ಆಟವಾಯಿತಲ್ಲ ಎಂಬ ಉರಿಯೇ ಹೆಚ್ಚು.

"ಭಾಳ ಶಾಣ್ಯಾಕಿ ಆಗೀದಿ ಬಿಡು," ಎಂದೆ. "ಹಾಳಿ ನೂರು ಮಂದಿ ಹತ್ರ ಐತಿ. ನಿನ್ನ ಪಾಸ್‌ವರ್ಡ್ ನೂರು ಮಂದಿ ಹತ್ರ ಐತೇನು?"

ಅವಳು ಮೇಜಿನ ಖಾನೆ ಎಳೆದಳು. ಒಳಗಿಂದ ಮಡಚಿದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟಳು. ಅದೇ ದಾಖಲೆ. ಕೊನೆಯ ಕಾಲಂ ಅದರಲ್ಲಿತ್ತು.

"ಈ ನಂಬರಿನ ಗುರ್ತು ಹತ್ತಿತೇನ್ರಿ, ಆಪಾ?"

ಮೇಡಂ ಹೋಗಿ ಮನೆಮಾತಿನ ಆಪಾ, ಅಕ್ಕ, ಬಂದಾಗಲೇ ಇದು ಕಚೇರಿಯ ಮಾತಲ್ಲ ಎಂದು ತಿಳಿಯಿತು. ಗುರುತು ಹತ್ತದೆ ಏನು? ತರಗತಿಯ ಮೊದಲನೇ ದಿನ ಹಲಗೆಯ ಮೇಲೆ ನಾನೇ ಬರೆಯುತ್ತೇನೆ, "ಪ್ರತಿ ಮನೀಗೂ ಒಂದು ನಂಬರು ಇದ್ದಂಗ ಪ್ರತಿ ಇಂಟರ್‌ನೆಟ್ ಲೈನಿಗೂ ಒಂದು ನಂಬರು, ಇದು ನಮ್ಮ ಅಂಗಡೀದು" ಎಂದು. ಹನ್ನೆರಡು ವರ್ಷ ಬರೆದ ನಂಬರು.

ಸವಣೂರಿನ ನನ್ನ ಅಂಗಡಿಯಿಂದ ಯಾರೋ ಇಲ್ಲಿಗೆ ಬಂದಿದ್ದರು.

"ಹೆಂಗ ಸಾಧ್ಯ?" ಎಂದೆ.

"ನೌಕರಿ ಸಿಕ್ಕ ದಿವಸ ಪೇಡೆ ತಗೊಂಡು ಬಂದಿದ್ನೆಲ್ರಿ ನಿಮ್ಮ ಅಂಗಡೀಗೆ. ಮೊದಲನೇ ಸಲ ಒಳಗ ಹೋಗೂದು ನಿಮ್ಮ ಕೈಲೇ ಆಗಲಿ, ನಿಮ್ಮ ಕೈಗುಣ ಚೊಲೋ ಐತಿ ಅಂದಿದ್ನಿ. ನೀವು ನಿಮ್ಮ ಕಂಪ್ಯೂಟರಿನ್ಯಾಗ ಪಾಸ್‌ವರ್ಡ್ ಒತ್ತಿದ್ರಿ."

ಒತ್ತಿದ್ದೆ. ನಮ್ಮ ಕಡೆ ಹೊಸ ಅಂಗಡಿಯ ಬೀಗ ತೆಗೆಯುವುದಾಗಲಿ, ಹೊಸ ಹೊಲಿಗೆ ಯಂತ್ರದ ಮೊದಲ ಹೊಲಿಗೆಯಾಗಲಿ, ಕೈಗುಣ ಇದ್ದವರನ್ನು ಕರೆದು ಮಾಡಿಸುತ್ತಾರೆ. ನನ್ನ ಶಿಷ್ಯರಿಗೆ ನೌಕರಿ ಸಿಕ್ಕರೆ ಮೊದಲ ಪಾಸ್‌ವರ್ಡ್ ನನ್ನ ಕೈಯಿಂದ ಒತ್ತಿಸಿಕೊಂಡು ಹೋಗುವುದು ರೂಢಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಪಾಠ ಹೇಳುವವಳೂ ನಾನೇ, ಪೇಡೆ ತಿಂದು ಅದನ್ನು ಒತ್ತಿಕೊಡುವವಳೂ ನಾನೇ.

ಅಂದು ಪರದೆ ಕೇಳಿತ್ತು, ಈ ಕಂಪ್ಯೂಟರನ್ನು ನಂಬಬಹುದೇ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು. ನನ್ನ ಕಣ್ಣು ತುಂಬಿ ಬಂದಿತ್ತು. ಅವಳು ಅದನ್ನು ಸಂತೋಷದ ನೀರು ಎಂದುಕೊಂಡಿದ್ದಳು. ಬೇಗ ಮುಗಿದರೆ ಸಾಕೆಂದು ನಾನು ಹೌದು ಒತ್ತಿದ್ದೆ.

"ಆ ಮ್ಯಾಲ ಪಾಸ್‌ವರ್ಡ್ ಬದಲಿ ಮಾಡಲಿಲ್ಲೇನು?"

"ಇಲ್ರಿ."

"ಎರಡು ವರ್ಷ?"

"ನೀವು ಒತ್ತಿಕೊಟ್ಟದ್ದು ಇರೂತನಕ ನನಗ ಏನೂ ಆಗೂದಿಲ್ಲ ಅಂತ ನಂಬಿದ್ನಿ," ಎಂದಳು. "ನಗ್ರಿ ಬೇಕಾದ್ರ. ನಾಲ್ಕ ಊರಿನ ಸೆಟ್ಟಿಂಗ್ ನಾನ ಮಾಡ್ತೇನಿ, ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಿ ಮಾಡ್ರಿ ಅಂತ ಎಲ್ಲಾರಿಗೂ ಹೇಳ್ತೇನಿ. ನಂದಷ್ಟ ಬಿಟ್ಟಿದ್ನಿ."

ನಗು ಬರಲಿಲ್ಲ.

"ಹಂಗಾರ ಈ ನಂಬರು ಯಾಕ ಅಳಿಸಿದಿ? ಸಾಹುಕಾರ್ರಿಗೆ ತೋರಿಸಿದ್ರ ನೀ ಪಾರಾಗ್ತಿದ್ದಿ."

"ಆಪಾ, ನೀವ ಮಾಡೀರಿ ಅಂತ ತಿಳದಿದ್ನಿ."

ಹೊರಗೆ ಹೆದ್ದಾರಿಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

"ನಿಮಗ ನನ್ನ ಮ್ಯಾಲ ಸಿಟ್ಟು ಐತಿ ಅನ್ನೂದು ಆ ಬಾಕಿನ ಮ್ಯಾಲ ಕುಂತಾಗನ ಗೊತ್ತಾಗಿತ್ರಿ. ಸಿಟ್ಟಿನ್ಯಾಗ ಒಂದು ತಪ್ಪು ಮಾಡೀರಿ, ಹೊರಗ ಬಂದ್ರ ಅಂಗಡಿ ಮುಚ್ಚತೈತಿ, ಕಲಿಯಾಕ ಬರೂ ಹೆಣ್ಣಮಕ್ಕಳು ಮನ್ಯಾಗ ಕುಂಡ್ರತಾರ ಅಂತ ವಿಚಾರ ಮಾಡಿದ್ನಿ. ನನ್ನ ಹೆಸರು ಅಳಸಾಕ ಬರ್ತಿರಲಿಲ್ಲ, ಅದನ್ನ ಸಾಹುಕಾರ್ರು ಆಗಲೇ ನೋಡಿದ್ರು. ನಿಮ್ಮ ನಂಬರಷ್ಟ ಅಳಿಸೀನಿ."

ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ನಾಚಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಚಿಕೆಗಿಂತ ಕಿಚ್ಚೇ ದೊಡ್ಡದು. ನೌಕರಿಯಲ್ಲಿ ಮುಂದೆ ಹೋದಳು, ವಿದ್ಯೆಯಲ್ಲಿ ಮುಂದೆ ಹೋದಳು, ಈಗ ನನ್ನನ್ನು ಕ್ಷಮಿಸುವುದರಲ್ಲೂ ನನಗಿಂತ ಮೇಲೆ ಹತ್ತಿ ಕೂತಳು. ನನಗೇ ತಿಳಿಯದಂತೆ ನನ್ನನ್ನು ಕಳ್ಳಿ ಮಾಡಿ, ಮಾಫಿಯನ್ನೂ ಮಾಡಿಬಿಟ್ಟಿದ್ದಳು.

"ನಾ ಮಾಡಿಲ್ಲ," ಎಂದೆ. "ಶುಕ್ರವಾರ ಮಧ್ಯಾಹ್ನ ನಾ ಹಾನಗಲ್ಲಿನ್ಯಾಗ ಇದ್ನಿ. ಅಲ್ಲೊಂದು ದವಾಖಾನಿ ಕಂಪ್ಯೂಟರ್ ಬಿಚ್ಚಿಕೊಂಡು ಕುಂತಿದ್ನಿ. ಬೇಕಾದ್ರ ಕೇಳು."

ಅವಳು ನನ್ನ ಮುಖ ನೋಡಿದಳು. ನಂಬಿದಳು. ಆಮೇಲೆ ಅವಳ ಹುಬ್ಬು ಮೆಲ್ಲಗೆ ಗಂಟಾಯಿತು.

"ಹಂಗಾರ ಆ ಹೊತ್ತಿನ್ಯಾಗ ನಿಮ್ಮ ಅಂಗಡ್ಯಾಗ ಯಾರಿದ್ರು?"

ಯಾರೂ ಇರಬಾರದಿತ್ತು. ಶುಕ್ರವಾರ ಹನ್ನೆರಡೂವರೆಗೆ ಷಟರ್ ಎಳೆದು ಅಸದ ಮಸೀದಿಗೆ ಹೋಗುತ್ತಾನೆ. ಷಟರಿನ ಕೀಲಿ ಎರಡು. ಒಂದು ನನ್ನ ಸೊಂಟದಲ್ಲಿ ಹಾನಗಲ್ಲಿಗೆ ಬಂದಿತ್ತು. ಇನ್ನೊಂದು ಅವನ ಜೇಬಿನಲ್ಲಿ.

ಹಾನಗಲ್ಲಿನಿಂದ ನಾನು ಅವನಿಗೆ ಫೋನ್ ಮಾಡಿದ್ದು ಆಗ ನೆನಪಾಯಿತು. ಇದು ನನ್ನ ಕೆಟ್ಟ ಚಾಳಿ. ಅವನ ಫೋನ್ ಬಿಜಿ ಇದೆಯೋ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಮಾಡಿ ನೋಡುತ್ತೇನೆ, ಸುಮೇರಾಳ ಜೊತೆ ಮಾತಾಡುತ್ತಿರಬಹುದು ಎಂಬ ಸಂಶಯ. ಶುಕ್ರವಾರವೂ ಮಾಡಿದ್ದೆ. ಮೊದಲ ರಿಂಗಿಗೇ ಎತ್ತಿದ್ದ. ಹಿಂದೆ, ಕರೆಂಟ್ ಹೋದಾಗ ಕೂಗುವ ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು. ಬಿಜಿ ಇರಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ನಾನು ಇಟ್ಟುಬಿಟ್ಟಿದ್ದೆ.

ಫೋನ್ ತೆಗೆದು ನೋಡಿದೆ. ಶುಕ್ರವಾರ, ಒಂದು ಹದಿನೇಳು. ಇಮಾಮರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾದ ಗಂಡಸು ಫೋನ್ ಎತ್ತುವ ಹೊತ್ತಲ್ಲ ಅದು. ಮಸೀದಿಯಲ್ಲಿ ನಮ್ಮ ಅಂಗಡಿಯ ಯುಪಿಎಸ್ಸೂ ಕೂಗುವುದಿಲ್ಲ.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಗೊತ್ತೇ? ಗಂಡ ಕಳ್ಳ ಎಂಬುದಲ್ಲ, ನಕ್ಷೆ ಯಾರಿಗೆ ಮಾರಿದ ಎಂಬುದೂ ಅಲ್ಲ. ಅಂಗಡಿಯ ಆ ಯಂತ್ರದಲ್ಲಿ ನನ್ನ ಹೆಸರೂ ಇತ್ತು, ಹತ್ತಾರು ಶಿಷ್ಯರ ಹೆಸರಿತ್ತು. ಅವನ ಬೆರಳು ಹೋಗಿ ನಿಂತದ್ದು ಅವಳ ಹೆಸರಿನ ಮೇಲೆ. ಈ ಕಂಪನಿಯ ಬಾಗಿಲಿಗೆ ಆ ಕೀಲಿಯೊಂದೇ ಹೊಂದುತ್ತದೆ ಎಂದು ಬುದ್ಧಿ ಹೇಳಿತು. ಹೊಟ್ಟೆ ಕೇಳಲಿಲ್ಲ.

"ಆಪಾ? ಯಾರು ಅಂತ ಗೊತ್ತಾತೇನ್ರಿ?"

"ಇಲ್ಲ," ಎಂದೆ.

ಮೇಜಿನ ಮೇಲಿನ ಕಾಗದವನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಯಾವಾಗ ಹಿಡಿದೆನೋ ನನಗೇ ಅರಿವಿಲ್ಲ. ಸುಮೇರಾ ನನ್ನ ಮುಷ್ಟಿ ನೋಡಿದಳು, ಕೇಳಲಿಲ್ಲ.

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಗಂಟೆ ಐದಾಗಲು ಇನ್ನೂ ಏಳು ನಿಮಿಷ ಇತ್ತು. ಬಾಗಿಲು ತಳ್ಳಿಕೊಂಡು ಹೊಳಬಸಪ್ಪನವರು ಬಂದರು. ಅವರ ಹಿಂದೆ ಒಬ್ಬ ಫೌಜದಾರರು, ಅವರ ಹಿಂದೆ ಚಹಾದ ಕಪ್ಪು ಹಿಡಿದ ಇನಾಯತ.

"ಲಗೂನ ಬಂದಾರ," ಎಂದರು ಹೊಳಬಸಪ್ಪನವರು. ಕೈಯಲ್ಲಿ ದೂರಿನ ಕಾಗದ ಇತ್ತು, ಒಂದು ಸಾಲು ಖಾಲಿ. "ಮಾಲಾ ಮುಂಜಾನಿಯಿಂದ ನಾಕು ಸಲ ಫೋನ್ ಮಾಡ್ಯಾಳ್ರಿ. ನಾ ಆಕಿಗೆ ಮಾತು ಕೊಟ್ಟೇನಿ. ಹೇಳ್ರಿ ಬಾಯಾರ, ಯಾರ ಹೆಸರು ಬರೀಲಿ?"

ನಿಜ ಹೇಳಿದರೆ ನನ್ನ ಮನೆಯ ಬಾಗಿಲಿಗೆ ಆ ಜೀಪು ಹೋಗುತ್ತದೆ. ಗೊತ್ತಾಗಲಿಲ್ಲ ಎಂದಿದ್ದರೂ ನಡೆಯುತ್ತಿತ್ತು. ನಾಳೆಗೆ ಮುಂದೂಡಿ ಎಂದಿದ್ದರೂ ಆ ಒಳ್ಳೆಯ ಮನುಷ್ಯ ಒಪ್ಪುತ್ತಿದ್ದರು. ಇಷ್ಟೆಲ್ಲ ದಾರಿ ನನ್ನ ಮುಂದೆ ಇದ್ದವು. ಸುಮೇರಾ ನನ್ನ ಕಡೆ ನೋಡುತ್ತಿದ್ದಳು, ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಷ್ಟೇ ನಂಬಿಕೆಯಿಂದ.

ಆ ನಂಬಿ ನೋಡುವ ಕಣ್ಣನ್ನು ನನಗೆ ಸಹಿಸಲಾಗಲಿಲ್ಲ.

"ಸುಮೇರಾ," ಎಂದೆ.

ಇನಾಯತನ ಕೈಯಿಂದ ಚಹಾ ತುಳುಕಿತು. ಹೊಳಬಸಪ್ಪನವರು ನಂಬಲಾರದೆ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದರು.

ಸುಮೇರಾ ಕೂಗಾಡಲಿಲ್ಲ. ಕೊರಳಿನ ಗುರುತಿನ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟಳು. ನನ್ನ ಮುಷ್ಟಿಯಿಂದ ಕಣ್ಣು ಕೀಳದೆ, ಫೌಜದಾರರಿಗೆ ಕೇಳುವಂತೆ ಹೇಳಿದಳು:

"ಬರ್ತೇನ್ರಿ ಸಾಹೇಬ್ರ. ಅದಕ್ಕಿಂತ ಮೊದಲ ಬಾಯಾರ ಕೈ ಬಿಚ್ಚಿಸ್ರಿ."